ಹೊರೆ ಅಳೆಯಲು ಬಂದವನು

ಸರ್ವೆಯವನು ಮೂರನೇ ಭೇಟಿಗೆ ಬಂದು ಬಾಗಿಲು ತಟ್ಟಿದಾಗ ಅವಳ ಹೊಲಿಗೆ ಮಷೀನಿನ ಮೇಲೆ ಯೂನಿಫಾರ್ಮು ಅರ್ಧಕ್ಕೇ ನಿಂತಿತ್ತು. ತಲೆಯಲ್ಲಿ ಎರಡು ವಾರದ ಜಿಡ್ಡು. ಒಳಗಿನಿಂದ ಅಪ್ಪ, ಏಳೂವರೆ ಗಾಡಿ ಬಿಡ್ತಾ ಎಂದು ಹತ್ತನೇ ಸಲ ಕೇಳುತ್ತಿದ್ದರು.

ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದವರು. ಮರೆವಿನ ಕಾಯಿಲೆ ಬಂದು ನಾಲ್ಕು ವರ್ಷ. ಮಗಳ ಹೆಸರು ಹೋಗಿತ್ತು, ಏಳೂವರೆ ಗಾಡಿ ಮಾತ್ರ ಹೋಗಿರಲಿಲ್ಲ.

ಇಂಥವರನ್ನು ನೋಡಿಕೊಳ್ಳುವ ಮನೆಯವರ ಮೇಲೆ ಎಷ್ಟು ಹೊರೆ ಬೀಳುತ್ತದೆಂದು ಆಸ್ಪತ್ರೆಯ ಪರವಾಗಿ ಅಳೆಯುವುದು ಸರ್ವೆಯವನ ಕೆಲಸ. ಇಪ್ಪತ್ತೆರಡು ಪ್ರಶ್ನೆ, ‘ಇಲ್ಲವೇ ಇಲ್ಲ’ದಿಂದ ‘ಯಾವಾಗಲೂ’ವರೆಗೆ ಐದು ಉತ್ತರ. ಪ್ರಶ್ನೆ ಕೇಳುವಾಗ ಅವನ ಕಣ್ಣು ಕಾಗದದ ಮೇಲೆ, ಉತ್ತರ ಬರುವಾಗ ಅವಳ ಮೇಲೆ. ಈ ಅವತಾರದಲ್ಲಿ ನೋಡಿಸಿಕೊಳ್ಳುವುದು ಅವಳಿಗೆ ಇನ್ನೊಂದು ಕಿರಿಕಿರಿ.

“ನಿಮಗೇ ಅಂತ ಸಮಯ ಸಿಗ್ತಿಲ್ಲ ಅನ್ಸುತ್ತಾ?”

“ನಿಮ್ಮ ಪ್ರಶ್ನೆಗೇ ಮುಕ್ಕಾಲು ಗಂಟೆ ಹಿಡಿಯುತ್ತೆ. ಅಷ್ಟು ಹೊತ್ತು ನೀವು ಅಪ್ಪನ ಹತ್ರ ಕೂತಿದ್ರೆ ನಾನು ತಲೆಗಾದ್ರೂ ನೀರು ಹಾಕ್ಕೊಳ್ತಿದ್ದೆ. ಅಳೆಯೋಕೆ ಬರ್ತೀರಿ, ಇಳಿಸೋಕೆ ಒಬ್ರೂ ಇಲ್ಲ.”

ಅವನು ಪೆನ್ನಿಗೆ ಮುಚ್ಚಳ ಹಾಕಿದ. “ಹೋಗಿ, ಹಾಕ್ಕೊಂಡು ಬನ್ನಿ.”

ಐದು ನಿಮಿಷದಲ್ಲಿ ಕೂಗುತ್ತಾನೆ ಎಂದುಕೊಂಡೇ ಹೋದಳು. ಕೂಗಲಿಲ್ಲ. ಬಚ್ಚಲಿನ ಚಿಲಕ ಹಾಕಿಕೊಂಡು ಸ್ನಾನ ಮಾಡಿ ಎಷ್ಟು ತಿಂಗಳಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

ಹೊರಗೆ ಬಂದಾಗ ಅಪ್ಪ ಫಾರಮ್ಮಿನ ತುಂಬ ಟಿಕ್ ಹಾಕಿ ಕೆಳಗೆ ಸಹಿ ಮಾಡಿದ್ದರು. ಇಪ್ಪತ್ತೆರಡೂ ಗಾಡಿ ಟೈಮಿಗೆ ಸರಿಯಾಗಿ ಬಿಟ್ಟವಂತೆ ಎಂದು ಅವನು ವರದಿ ಒಪ್ಪಿಸಿದ. ಆಮೇಲೆ ತಡವರಿಸಿ, ಮುಂದಿನ ಸಲ ಈ ಮನೆಗೆ ಬೇರೆಯವರು ಬರುತ್ತಾರೆಂದೂ ತಾನೇ ಹಾಗೆ ಕೇಳಿಕೊಂಡಿದ್ದಾನೆಂದೂ ಹೇಳಿದ.

ಅವಳಿಗೆ ಮೈಯೆಲ್ಲ ಉರಿಯಿತು. “ಇಷ್ಟಕ್ಕೇ ಸುಸ್ತಾದ್ರಾ?”

“ನಿನ್ನೆನೇ ಕೇಳ್ಕೊಂಡಿದ್ದು. ಅಳೆಯೋನು ದೂರ ನಿಂತಿರ್ಬೇಕು. ನಿಮ್ಮ ವಿಷಯದಲ್ಲಿ ನನಗೆ ಆಗ್ತಿಲ್ಲ.” ಅವನ ಕಿವಿ ಕೆಂಪಗಾಗಿತ್ತು. “ಸರ್ವೆಗೆ ಅವರು ಬರ್ಲಿ. ಭಾನುವಾರ ನಾನು ಬರ್ತೀನಿ, ಫಾರಂ ಇಲ್ದೆ. ಬೇಡ ಅಂದ್ರೆ ಬರಲ್ಲ.”

ಒದ್ದೆ ಕೂದಲಿನಿಂದ ನೀರು ಯೂನಿಫಾರ್ಮಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಒರೆಸಲಿಲ್ಲ.

“ನೂರೆಂಟು ಪ್ರಶ್ನೆ ಕೇಳಿದ್ರಿ. ಕೇಳ್ಬೇಕಾದ್ದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ?”

“ಹಾಗಾದ್ರೆ ಬರ್ಲಾ?”

“ಬೇಗ ಬನ್ನಿ. ಹನ್ನೊಂದಾದ್ರೆ ಅಪ್ಪ ಸಿಡಿಮಿಡಿ ಅಂತಾರೆ.”

“ನೀವು?”

“ನಾನು ಬೆಳಗ್ಗೆಯಿಂದ್ಲೇ,” ಎಂದು ಅವಳು ನಗು ಕಾಣದಂತೆ ಟವೆಲಿನಲ್ಲಿ ಮುಖ ಒರೆಸಿಕೊಂಡಳು.