ಹಾಸನದ ರಾತ್ರಿ ಊಟ

“ಒಳಗೆ ಯಾರ್ನೂ ಬಿಡಬ್ಯಾಡ ಅಂದವ್ರೆ ಕಣವ್ವ,” ಎಂದು ಜವಾನ ದ್ಯಾವಯ್ಯ ಸೊಸೈಟಿ ಆಫೀಸಿನ ಬಾಗಿಲಿಗೆ ಅಡ್ಡ ನಿಂತ.

“ಅಪ್ಪಂಗೆ ಊಟ ಕಣಣ್ಣ. ಹೊತ್ತು ಮುಳುಗ್ತಾ ಅದೆ,” ಎಂದಳು ಚಕ್ರೇಶ್ವರಿ.

ಅವಳ ಅಪ್ಪ ಶಾಂತರಾಜಯ್ಯ ಚನ್ನರಾಯಪಟ್ಟಣದ ಕೊಬ್ಬರಿ ಸೊಸೈಟಿಯ ಸೆಕ್ರೆಟರಿ. ಸೊಸೈಟಿಯ ದುಡ್ಡು ಸೋರಿಹೋಗಿದೆಯೆಂದು ಹಾಸನದಿಂದ ಆಡಿಟರ್ ನಂಜುಂಡಯ್ಯ ಬಂದಿದ್ದರು. “ನಿಮ್ಮಪ್ಪಂಗೆ ಬೇಡಿ ಹಾಕ್ತಾರಂತೆ!” ಎಂದು ಬೆಳಿಗ್ಗೆ ಶಾಲೆಯಲ್ಲಿ ಹುಡುಗರು ಮಣಿಕಟ್ಟು ಜೋಡಿಸಿ ಅಣಕಿಸಿದ್ದರು.

“ಬರಲಿ ಬಿಡಯ್ಯಾ,” ಎಂದರು ಒಳಗಿನಿಂದ ಆಡಿಟರ್.

ಅಪ್ಪ ತಲೆ ತಗ್ಗಿಸಿ ಕುಳಿತಿದ್ದ. ಮೂಲೆಯಲ್ಲಿ ಗುಮಾಸ್ತ ಮಂಚಯ್ಯ ಚೀಟಿಗಳನ್ನು ಜೋಡಿಸುತ್ತಿದ್ದ.

“ಈ ಖರ್ಚಿನ ಚೀಟಿಗಳಲ್ಲಿರೋ ಸಹಿ ನಿಮ್ಮದು ತಾನೆ?” ಎಂದರು ಆಡಿಟರ್, ಚೀಟಿಗಳ ಕೆಳತುದಿಯನ್ನು ತೋರಿಸಿ.

“ನಂದೇ ಸಾರ್,” ಎಂದ ಅಪ್ಪ.

ಆಡಿಟರ್ ಬುತ್ತಿಯತ್ತ ನೋಡಿದರು. “ಇಷ್ಟು ಬೇಗ ಊಟವೇನಮ್ಮಾ?”

“ಹೊತ್ತು ಮುಳುಗಿದ್ಮೇಲೆ ನಾವು ಉಣ್ಣಲ್ಲ ಸಾರ್. ನಾವು ಜೈನರು.”

ಅವರ ಬೆರಳು ಚೀಟಿಯ ಮೇಲೆ ನಿಂತುಬಿಟ್ಟಿತು. “ಬೇರೆ ಊರಿಗೆ ಹೋದಾಗ? ಹಾಸನದ ಹೋಟೆಲಿನಲ್ಲಿ?”

ಚಕ್ರೇಶ್ವರಿ ಹೆದರಿದಳು. ಹೌದು ಅಂದರೆ ಅಪ್ಪ ಉಳಿಯುತ್ತಾನೋ, ಇಲ್ಲ ಅಂದರೆ ಉಳಿಯುತ್ತಾನೋ ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಮುಖ ನೋಡಿದಳು.

“ಇಲ್ಲ ಸಾರ್,” ಎಂದಳು ಮೆಲ್ಲಗೆ. “ಅಪ್ಪಂಗೆ ಜ್ವರ ಬಂದಾಗ್ಲೂ ರಾತ್ರಿ ಗಂಜಿ ಕುಡೀಲಿಲ್ಲ. ಅಮ್ಮ ಅತ್ತರೂ ಕುಡೀಲಿಲ್ಲ.”

ಆಡಿಟರ್ ಚೀಲದಿಂದ ಭೂತಗನ್ನಡಿ ತೆಗೆದರು. “ಇಲ್ಲಿ ನೋಡು. ನಿಮ್ಮಪ್ಪನ ಸಹಿಯ ಬಾಲದ ಮೇಲೆ ಇನ್ನೊಂದು ಗೆರೆ ಹಾದುಹೋಗಿದೆ, ಕಾಣುತ್ತಾ?”

ಕಂಡಿತು. ‘ಹಾಸನದಲ್ಲಿ ರಾತ್ರಿ ಊಟ’ ಎಂಬ ಬರಹದ ಒತ್ತಕ್ಷರವೊಂದು ಕೆಳಗಿಳಿದು ಸಹಿಯನ್ನು ತುಳಿದಿತ್ತು.

“ಅಂದ್ರೆ ಸಹಿ ಮೊದ್ಲು, ಬರೆದಿದ್ದು ಆಮೇಲೆ!” ಎಂದಳು ಚಕ್ರೇಶ್ವರಿ.

“ಭೇಷ್! ಖಾಲಿ ಚೀಟಿಗೆ ಯಾಕ್ರೀ ಸಹಿ ಹಾಕಿದ್ರಿ, ಶಾಂತರಾಜಯ್ಯ?”

“ಸಂತೆ ದಿನ ಜನ ಮುತ್ಕೋತಾರೆ ಅಂತ... ಮಂಚಯ್ಯ ಕೇಳ್ದ. ನಂಬಿ ಹಾಕ್ಕೊಟ್ಟೆ ಸಾರ್.”

ಮೂಲೆಯಲ್ಲಿ ಮಂಚಯ್ಯನ ಕೈಯಿಂದ ಚೀಟಿಗಳು ಜಾರಿ ಚೆದುರಿದವು.

ಚಕ್ರೇಶ್ವರಿ ಇನ್ನೂ ಗಾಜಿನೊಳಗೇ ಕಣ್ಣಿಟ್ಟಿದ್ದಳು. “ಸಾರ್, ಈ ಕೆಲ್ಸಕ್ಕೆ ಏನು ಓದ್ಬೇಕು?”

“ಲೆಕ್ಕ ಓದ್ಬೇಕು. ಹೈಸ್ಕೂಲು, ಆಮೇಲೆ ಕಾಲೇಜು. ಹುಡುಗೀರು ಯಾರೂ ಬಂದದ್ದು ನಾನು ಕಂಡಿಲ್ಲ. ನೀನು ಬಾ.” ಅವರು ನಗಲಿಲ್ಲ. ಮಂಚಯ್ಯನ ಕಡೆ ತಿರುಗಿದರು. “ನೀವು ಇಲ್ಲೇ ಇರಿ. ದ್ಯಾವಯ್ಯ, ಠಾಣೆಗೆ ಹೋಗಿ ಬಾ.”

ಮಂಚಯ್ಯ ಅವಳ ಹತ್ತಿರ ಬಂದ. “ಅವ್ವಾ ಚಕ್ರಿ,” ಎಂದ, ಬೇರೆಯವರಿಗೆ ಕೇಳಿಸದಷ್ಟು ಸಣ್ಣಗೆ, “ನಮ್ಮನೇಲಿ ಏನೂ ಏಳ್ಬ್ಯಾಡ ಕಣವ್ವ.”

ಅಪ್ಪನ ಕೈಗೆ ಬುತ್ತಿ ಕೊಟ್ಟು ಅವಳು ಹೊರಬಿದ್ದಳು. ಕುಣಿದುಕೊಂಡು ಹೋಗಬೇಕೆನಿಸಿತ್ತು. ಆದರೂ ಮೆಲ್ಲಗೆ ನಡೆದಳು.

ದಾರಿಯಲ್ಲಿದ್ದ ಮಂಚಯ್ಯನ ಮನೆಯ ಜಗಲಿಯ ಮೇಲೆ ಅವನ ಚಿಕ್ಕ ಮಗಳು ಗಂಗಾಂಬಿಕೆ ಒಬ್ಬಳೇ ಕಲ್ಲಾಟ ಆಡುತ್ತಿದ್ದಳು.

“ಅಕ್ಕಾ, ನಮ್ಮಪ್ಪ ಆಪೀಸಿಂದ ಒಂಟ್ರಾ?”

ಬೆಳಗಿನಿಂದ ತನ್ನನ್ನು ಕಾಡಿದ್ದ ಬೇಡಿಯ ಮಾತು ಇನ್ನು ಸ್ವಲ್ಪ ಹೊತ್ತಿಗೆ ಈ ಮನೆಯ ಬಾಗಿಲಿಗೆ ಬರುತ್ತದೆ. ಅದು ಚಕ್ರೇಶ್ವರಿಗೆ ಚೆನ್ನಾಗಿ ಗೊತ್ತಿತ್ತು.

“ತಡ ಆಗುತ್ತೆ,” ಎಂದಳು. ಮನೆಗೆ ಹೋಗಲಿಲ್ಲ. ಜಗಲಿ ಹತ್ತಿ ಗಂಗಾಂಬಿಕೆಯ ಪಕ್ಕ ಕುಳಿತಳು. “ಎಲ್ಲಿ, ನನಗೂ ಕಲ್ಲು ಕೊಡು.”