ಚನ್ನವೀರಪ್ಪನ ಸೈಕಲ್ ಚೈನು

"ಯಾವ ಹಲ್ಕಟ್ ನನ್ನ ಚೈನ್ ಒಯ್ದಾನ?"

ಚನ್ನವೀರಪ್ಪನ ಕೂಗಿಗೆ ಕಾಟೇಜಿನ ಕಿಟಕಿಗಳೇ ಅದುರಿದವು. ಕೋಕಿಲಾ ಕಾಫಿ ಲೋಟ ಹಿಡಿದೇ ಶೆಡ್ಡಿಗೆ ಓಡಿದಳು. ನಾಲ್ಕು ಸೈಕಲ್ಲುಗಳೂ ಅಲ್ಲೇ ಇದ್ದವು. ಚನ್ನವೀರಪ್ಪನದಕ್ಕೆ ಮಾತ್ರ ಚೈನಿಲ್ಲ.

ಗ್ರ್ಯಾಂಡ್ ನದಿಯ ದಂಡೆಗುಂಟ ಹಿಂದೆ ರೈಲು ಓಡುತ್ತಿದ್ದ ದಾರಿ ಈಗ ಸೈಕಲ್ಲಿನವರ ಪಾಲು. ಕೇಂಬ್ರಿಡ್ಜಿನಿಂದ ಹ್ಯಾಮಿಲ್ಟನ್‌ವರೆಗೆ ಮೂರು ದಿನದ ಸವಾರಿ. ಓಕ್‌ವಿಲ್‌ನ ಕೋಕಿಲಾ, ಅವಳ ಗಂಡ ವೇಣುಗೋಪಾಲ, ಜಾರ್ಜ್‌ಟೌನಿನ ಚನ್ನವೀರಪ್ಪ, ಅವನ ಧಾರವಾಡದ ಕಾಲದ ಗೆಳೆಯ ನಿಜಗುಣ. ಇವತ್ತು ಎರಡನೇ ದಿನ; ರಾತ್ರಿ ತಂಗಿದ್ದು ಈ ಬಾಡಿಗೆ ಕಾಟೇಜಿನಲ್ಲಿ.

ಚನ್ನವೀರಪ್ಪ ವೇಣುಗೋಪಾಲನ ಮೇಲೆ ಹರಿಹಾಯ್ದ. "ಮೊಣಕಾಲು ನೋವು, ವಾಪಸ್ ಹೋಗೂಣು ಅಂತ ನಿನ್ನೆ ಯಾರು ಅಳಾಕತ್ತಿದ್ರು? ನೀನ ತಗದಿ. ಒಪ್ಪಿಕೊ. ಇಲ್ಲಂದ್ರ ನಿಂದು ನಂದು ದೋಸ್ತಿ ಇವತ್ತಿಗೆ ಮುಗೀತು!"

"ನಾನಾ? ನಂಗೆ ಗಾಳಿ ಹೊಡೆಯೋಕೇ ಸರಿಯಾಗಿ ಬರಲ್ಲ ಕಣಯ್ಯ!"

ಕೋಕಿಲಾ ಕಾಫಿ ಲೋಟ ಕೆಳಗಿಟ್ಟಳು. ಗಂಡ ಸೋಮಾರಿ, ಒಪ್ಪೋಣ. ಕಳ್ಳನಂತೂ ಅಲ್ಲ. ಇಷ್ಟು ವರ್ಷದ ಸ್ನೇಹ ಒಂದು ಚೈನಿಗೆ ಹರಿದುಹೋಗಬೇಕೇ?

"ಅರ್ಧ ಗಂಟೆ ಕೊಡಿ," ಎಂದಳು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವಳ ಹೊಟ್ಟೆಪಾಡು.

*

ಶೆಡ್ಡಿನ ಬೀಗ ಮುರಿದಿರಲಿಲ್ಲ. ಅದರ ನಂಬರು ಗೊತ್ತಿದ್ದದ್ದು ನಾಲ್ವರಿಗೇ. ಪಕ್ಕದಲ್ಲಿ ವೇಣುಗೋಪಾಲನ ದುಬಾರಿ ಸೈಕಲ್ಲು ಹಾಗೇ ಇತ್ತು. ಅದನ್ನು ಬಿಟ್ಟು ಹಳೇ ಚೈನು ಕದಿಯೋ ಕಳ್ಳ ಎಲ್ಲಿದ್ದಾನೆ? ಒಳಗಿನವರದೇ ಕೆಲಸ.

"ರೀ, ಕೈ ತೋರಿಸಿ."

ವೇಣುಗೋಪಾಲ ಎರಡೂ ಕೈ ಚಾಚಿದ. ಚೈನಿನ ಕರಿ ಜಿಡ್ಡು ಸೋಪಿಗೆ ಜಗ್ಗುವುದಿಲ್ಲ, ಉಗುರಿನ ಸಂದಿಯಲ್ಲಿ ಕೂತೇ ಇರುತ್ತದೆ. ಇವನ ಉಗುರು ಮದುಮಗನ ಉಗುರಿನಂತೆ ಲಕಲಕ ಎನ್ನುತ್ತಿತ್ತು. ಕೋಕಿಲಾ ನಿಟ್ಟುಸಿರು ಬಿಟ್ಟಳು.

ಒಳಗೆ ಚನ್ನವೀರಪ್ಪ ಈನೋ ಕಲಕಿಕೊಂಡು ಕುಡಿಯುತ್ತಿದ್ದ. ಎಡಭುಜ ಉಜ್ಜಿಕೊಳ್ಳುತ್ತಿದ್ದ. "ಗ್ಯಾಸ್ ಆಗೇತ್ರಿ. ಅಂಗಡಿ ತಗೀಲಿ, ಹೊಸ ಚೈನ್ ತರ್ತೀನಿ. ನಾ ಹ್ಯಾಮಿಲ್ಟನ್ ಮುಟ್ಟಾವನ!"

ಎದುರಿಗೆ ನಿಜಗುಣ ತೆಪ್ಪಗೆ ಕೂತು ರೊಟ್ಟಿ ತಿನ್ನುತ್ತಿದ್ದ. ರೊಟ್ಟಿಗೆ ಟಿಶ್ಯೂ ಪೇಪರು ಸುತ್ತಿಕೊಂಡಿದ್ದ.

ಕೋಕಿಲಾ ಅಲ್ಲೇ ನಿಂತಳು. ನಿನ್ನೆ ಮಧ್ಯಾಹ್ನ ವೇಣುಗೋಪಾಲ ಚಮಚ ಕೇಳಿದ್ದಕ್ಕೆ "ದೇವರು ಕೈ ಕೊಟ್ಟಿಲ್ಲೇನು?" ಎಂದು ಊಟ ಮುಗಿಯುವವರೆಗೂ ಕಾಲೆಳೆದವನು ಇದೇ ನಿಜಗುಣ.

*

"ನಿಜಗುಣ ಅವರೇ, ಆ ಟಿಶ್ಯೂ ಬಿಡಿ. ಕೈ ತೋರಿಸಿ."

ಹತ್ತು ಬೆರಳಿನ ಉಗುರೂ ಕರ್ರಗೆ.

"ಲೇ, ನೀನಾ? ಯಾಕಲೇ?" ಚನ್ನವೀರಪ್ಪನ ದನಿ ಉಡುಗಿತು.

"ಅದನ್ನ ಹೇಳಾಕ ಬರಂಗಿಲ್ಲ." ನಿಜಗುಣನ ಕಣ್ಣು ತುಂಬಿತ್ತು.

"ನಾನು ಹೇಳ್ತೀನಿ," ಎಂದಳು ಕೋಕಿಲಾ. "ನಿನ್ನೆ ಸಂಜೆ ಏರು ಬಂದಾಗ ನೀವಿಬ್ರೂ ಹಿಂದೆ ಉಳಿದ್ರಿ. ಆಮೇಲಿಂದ ಈ ಮಾತುಗಾರ ನಿಜಗುಣ ಅವರ ಬಾಯಿಗೆ ಬೀಗ. ಈಗ ನಿಮಗೆ ಭುಜ ನೋಯ್ತಿದೆ, ಈ ತಂಪಲ್ಲೂ ಬೆವರು ಬಿಡ್ತಿದೆ. ಇದು ಗ್ಯಾಸಲ್ಲ ಚನ್ನವೀರಪ್ಪನವರೇ, ಎದೆನೋವು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದೀರಿ, ಅಲ್ವಾ?"

ಚನ್ನವೀರಪ್ಪ ತಲೆ ತಗ್ಗಿಸಿದ. "ಹೆಂಡ್ತಿ ಮಾಧುರಿಗೆ ಗೊತ್ತಾದ್ರ ಮನೀಗೆ ಎಳಕೊಂಡು ಹೋಗ್ತಾಳ ಅಂತ... ಅವನ ಮಗಳ ಮ್ಯಾಲೆ ಆಣಿ ಹಾಕಿಸಿದ್ನಿ."

"ಬಾಯಿ ಬಿಡಂಗಿಲ್ಲ ಅಂತ ಆಣಿ," ಎಂದ ನಿಜಗುಣ. "ನನ್ನ ಕೈ ಯಾರೂ ಕಟ್ಟಿರಲಿಲ್ಲ. ಚೈನ್ ಇಲ್ಲಂದ್ರ ಹೆಂಗ ಹೋಗ್ತಾನ ನೋಡೂಣು ಅಂದ್ಕೊಂಡ್ನಿ."

"ನಾನಂತೂ ಯಾವ ಆಣೆನೂ ಹಾಕಿಲ್ಲಪ್ಪ," ಎನ್ನುತ್ತ ಕೋಕಿಲಾ ಆಗಲೇ ಆಂಬುಲೆನ್ಸಿಗೆ ನೈನ್ ಒನ್ ಒನ್ ಒತ್ತಿದ್ದಳು.

*

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಹೊರಬಂದು ಹೇಳಿದರು: ಮುಚ್ಚಿಹೋಗಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾಯಿತು, ಪ್ರಾಣಕ್ಕೆ ಭಯವಿಲ್ಲ. ಇವತ್ತು ಪೆಡಲ್ ತುಳಿದಿದ್ದರೆ ಮಾತ್ರ ಕಷ್ಟವಿತ್ತು. ಓಡೋಡಿ ಬಂದಿದ್ದ ಹೆಂಡತಿ ಮಾಧುರಿ ಕೋಕಿಲಾಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಸದ್ಯ, ಬದುಕಿದೆವು ಎಂದು ಕೋಕಿಲಾಳೂ ಅತ್ತಳು.

ಚನ್ನವೀರಪ್ಪ ಮಲಗಿದಲ್ಲಿಂದಲೇ ವೇಣುಗೋಪಾಲನ ಕೈ ಹಿಡಿದ. "ತಪ್ಪಾತಪಾ. ಕಳ್ಳ ಅಂದ್ಬಿಟ್ನಿ."

"ಕಳ್ಳ ಅಂದಿದ್ದು ಹೋಗ್ಲಿ. ಅಳ್ತಿದ್ದೆ ಅಂದೆಯಲ್ಲ, ಅದಕ್ಕೆ ಕೇಳು ಕ್ಷಮೆ."

ಚನ್ನವೀರಪ್ಪ ನಕ್ಕ. ಆಮೇಲೆ ಮೂಲೆಯಲ್ಲಿ ನಿಂತಿದ್ದ ಗೆಳೆಯನತ್ತ ತಿರುಗಿದ. "ನಿಜಗುಣ, ಆಣಿ ಬಿಡಿಸೀನಿ. ಇನ್ನ ಮಾತಾಡು."

ಅಷ್ಟೇ ಸಾಕಾಯಿತು. ನಿಜಗುಣ ಜೇಬಿನಿಂದ ಚೈನು ತೆಗೆದು ಹಾಸಿಗೆಯ ಮೇಲೆ ಬಿಸಾಕಿದ. "ಲೇ ಖೋಡಿ! ಹೆಂಡ್ತಿ ಮಕ್ಕಳ ನೆನಪಾಗ್ಲಿಲ್ಲ ನಿನಗ? ನನ್ನ ಮಗಳ ಮ್ಯಾಲೆ ಆಣಿ ಹಾಕಸ್ತೀ? ನೀ ಸತ್ತಿದ್ರ ನಾ ಯಾರ ಜೋಡಿ ಜಗಳಾಡ್ಲಿ?"

ನರ್ಸು ಬಂದು ಗದರಿದರೂ ಅವನು ನಿಲ್ಲಿಸಲಿಲ್ಲ. ಹುಟ್ಟಾ ಹಟಮಾರಿ ಚನ್ನವೀರಪ್ಪ ಒಂದೂ ಎದುರುತ್ತರ ಕೊಡದೆ, ಎಲ್ಲ ಬೈಗುಳವನ್ನೂ ಕೇಳಿಸಿಕೊಂಡ.