ಎರಡಾಗದ ಕೋಶಗಳು

"ನನ್ನ ಫ್ಲಾಸ್ಕ್ ಅದಲುಬದಲು ಮಾಡಿದ್ದು ನೀವೇ ತಾನೆ?"

ಅವಳ ದನಿಗೆ ಇಡೀ ಲ್ಯಾಬ್ ತಲೆಯೆತ್ತಿತು. ಎದುರು ನಿಂತಿದ್ದ ಹೊಸಬ ಕೈಗವಸು ಬಿಚ್ಚಿ ಎರಡೂ ಕೈ ತೋರಿಸಿದ.

"ಮುಟ್ಟಿಲ್ಲ. ನನ್ನ ಸಾಮಾನು ಮುಟ್ಟಿದ್ರೆ ಕೈ ಮುರೀತೀನಿ ಅಂತ ಮೊದಲ ದಿನವೇ ಹೇಳಿದ್ರಲ್ಲ. ನೋಡಿ, ಎರಡೂ ನೆಟ್ಟಗಿವೆ."

ಯಾರೋ ಕಿಸಕ್ಕೆಂದರು. ಅವಳಿಗೆ ಅಳು ಒತ್ತರಿಸಿ ಬಂತು.

ಮೈಕ್ರೋಸ್ಕೋಪಿನ ಪರದೆಯ ಮೇಲೆ ಅವಳ ಯೀಸ್ಟ್ ಕೋಶಗಳು ಹೆಚ್ಚದೆ ಬಿಟ್ಟ ಸೌತೆಕಾಯಿಯ ಹಾಗೆ ಉದ್ದುದ್ದ ಬಿದ್ದಿದ್ದವು. ಒಂದೂ ಎರಡಾಗಿರಲಿಲ್ಲ.

ಕೋಶ ಎರಡಾಗಬೇಕಾದರೆ ಅದರ ನಡುವಿಗೆ ಆಕ್ಟಿನ್ ಎಂಬ ಎಳೆಗಳ ಉಂಗುರ ಕಟ್ಟಿಕೊಂಡು ಮೆಲ್ಲಗೆ ಕಿರಿದಾಗಬೇಕು. ಆ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಪ್ರೊಟೀನುಗಳೇ ಬೇರೆ. ಅವು ತೀರಾ ಕಡಿಮೆಯಾದರೆ ಉಂಗುರ ಚದುರಿಹೋಗುತ್ತದೆ. ವಿಪರೀತ ಹೆಚ್ಚಾದರೆ ಎಳೆಗಳು ಜಾರಲಾರದೆ ಉಂಗುರ ಇದ್ದಲ್ಲೇ ಸೆಟೆದು ನಿಲ್ಲುತ್ತದೆ.

ಅವಳು ಬೆಳೆಸುತ್ತಿದ್ದುದು ಅಂಥ ಒಂದು ಪ್ರೊಟೀನನ್ನು ಅತಿಯಾಗಿ ತಯಾರಿಸುವ ಕೋಶಗಳನ್ನು. ಒಂದು ವಿಟಮಿನ್ ಬೆರೆಸಿದರೆ ಆ ತಯಾರಿ ನಿಲ್ಲುತ್ತದೆ. ಹೋಲಿಕೆಗೆಂದು ಒಂದು ಫ್ಲಾಸ್ಕಿಗೆ ಅದನ್ನು ಬೆರೆಸಿ, ಇನ್ನೊಂದನ್ನು ಹಾಗೇ ಬಿಡುವುದು ಅವಳ ಲೆಕ್ಕ. ವಿಟಮಿನ್ ಬೆರೆಸಿದ ಫ್ಲಾಸ್ಕಿನಲ್ಲೇ ಹೀಗಾದರೆ? ಅವನದೇ ಕೈವಾಡ!

ಪ್ರೊಫೆಸರ್ ಮೇಡಂಗೂ ಹಾಗೇ ಹೇಳಿದಳು. ಅವರು ಅವನನ್ನು ಕರೆಸಿ ಬೇರೆ ಲ್ಯಾಬಿನ ಮಾತೆತ್ತಿದರು.

"ನಂಬಿಕೆ ಇಲ್ಲದ ಕಡೆ ಕೆಲಸ ಮಾಡೋದು ಕಷ್ಟ ಮೇಡಂ," ಎಂದು ಹೇಳಿ, ಅವನು ಹೋಗಲು ಒಪ್ಪಿಕೊಂಡ.

ಫೋನಿನಲ್ಲಿ ಅಕ್ಕ ನಕ್ಕಳು. "ಅವನು ಬಂದಾಗಿನಿಂದ ಬರೀ ಅವನ ಪುರಾಣವೇ ಆಯ್ತಲ್ಲೇ. ಅಷ್ಟು ಬೈಯೋಕೂ ಮನಸ್ಸಿರಬೇಕು ಕಣೇ."

"ಸುಮ್ನಿರೇ ಅಕ್ಕ..."

ಮರುದಿನ ಹೊಸದಾಗಿ ಶುರುಮಾಡಲು ಅವಳು ವಿಟಮಿನ್ ಬಾಟಲಿ ತೆಗೆದಳು. ಕೈ ಹಾಗೇ ನಿಂತಿತು.

ಬಾಟಲಿಯ ಸೀಲ್ ಒಡೆದಿರಲೇ ಇಲ್ಲ.

'ಅಂದರೆ... ಹಾಕಿದ್ದೆಲ್ಲಿ ನಾನು?'

ಆ ಫ್ಲಾಸ್ಕ್ ಸಿದ್ಧಮಾಡಿದ ಹೊತ್ತು ಕಣ್ಣಮುಂದೆ ಬಂತು. ಹಳೆಯ ಬಾಟಲಿ ಖಾಲಿಯಾಗಿತ್ತು. ಹೊಸದನ್ನು ತಂದು ಮೇಜಿನ ಮೇಲಿಟ್ಟಿದ್ದಳು. ಆಮೇಲೆ ನೋಡುತ್ತ ನಿಂತದ್ದು ಬಾಟಲಿಯನ್ನಲ್ಲ.

ಮೊದಲು ಮೇಡಂ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡಳು. ಆಮೇಲೆ ಹೊಸ ಫ್ಲಾಸ್ಕನ್ನೂ ಬಾಟಲಿಯನ್ನೂ ಎತ್ತಿಕೊಂಡು ಅವನ ಮೇಜಿನ ಬಳಿ ಬಂದಳು. ಅವನು ತನ್ನ ಕಾಫಿ ಕಪ್ಪನ್ನು ಚೀಲಕ್ಕೆ ಹಾಕುತ್ತಿದ್ದ.

"ತಪ್ಪು ನಂದು. ವಿಟಮಿನ್ ಹಾಕೋದೇ ಮರ್ತಿದ್ದೆ."

"ನೀವಾ? ಮರೆತ್ರಾ?"

"ಆಗ ನೀವು ಲೆನ್ಸ್ ಒರೆಸ್ತಾ ಏನೋ ಗುನುಗ್ತಿದ್ರಿ. ನಾನು... ನೋಡ್ತಾ ನಿಂತ್ಬಿಟ್ಟೆ."

ಅವನ ಕೈ ಚೀಲದಲ್ಲೇ ಉಳಿಯಿತು.

"ಮೇಡಂಗೆ ಎಲ್ಲಾ ಹೇಳಿ ಬಂದಿದ್ದೀನಿ. ಎಲ್ಲವನ್ನೂ ಬಿಗಿಯಾಗಿ ಹಿಡ್ಕೊಳ್ಳೋದು ನನ್ನ ಚಾಳಿ. ನಿಮ್ಮನ್ನ ಹಿಡಿದು ನಿಲ್ಲಿಸಲ್ಲ. ಹೋಗೋದಾದ್ರೆ ಹೋಗಿ..." ಅವಳು ಫ್ಲಾಸ್ಕ್ ಮುಂದೆ ಚಾಚಿದಳು. "ಅದಕ್ಕೆ ಮುಂಚೆ ಇದನ್ನ ಸ್ವಲ್ಪ ಹಿಡ್ಕೋತೀರಾ? ಸೀಲ್ ಬಿಚ್ಚೋಕೆ ಎರಡೂ ಕೈ ಬೇಕು."

ಅವನು ಚೀಲದಿಂದ ಕಪ್ಪನ್ನು ತೆಗೆದು ಮತ್ತೆ ಅದರ ಜಾಗದಲ್ಲೇ ಇಟ್ಟ.

"ಮುಟ್ಟಿದ್ರೆ ಕೈ ಮುರಿಯಲ್ವಾ?"

"ಮುರಿಯಲ್ಲ... ಹಿಡ್ಕೋತೀನಿ."

"ಬಿಗಿಯಾಗಾ?"

"ನಿಮಗೆ ಬೇಕಾದಾಗ ಬಿಡಿಸ್ಕೊಳ್ಳೋ ಅಷ್ಟು."

"ಹಾಗಾದ್ರೆ ಬಿಡಿಸ್ಕೊಳ್ಳಲ್ಲ," ಎಂದು ಅವನು ಫ್ಲಾಸ್ಕಿಗೆ ಕೈ ಚಾಚಿದ.